ಪುಸ್ತಕ ಹೊಸದರಂಗೇ ಇರ್ಬೇಕಾ?

ಪ್ರಶ್ನೆ: ನಮ್ದು ಮೂಡಿಗೆರೆ ಹತ್ರ ತೋಟದ ಮನೆ. ಪುಸ್ತಕಕ್ಕೆಲ್ಲ ಪ್ಲಾಸ್ಟಿಕ್ ಕವರ್ ಹಾಕಿ ಬೀರುಲಿ ಬೀಗ ಹಾಕಿಡ್ತೀನಿ. ನಮ್ಮತ್ತೆ ಹಾಳೆ ಮೂಲೆ ಮಡಚ್ತಾರೆ, ಪೆನ್ಸಿಲ್ ಗೆರೆ ಎಳೀತಾರೆ, ಹೇಳೋಕೂ ಆಗಲ್ಲ. ಏನ್ ಮಾಡ್ಲಿ?

ಉತ್ತರ: ನಿಮ್ಮ ಬೇಜಾರು ಅರ್ಥ ಆಗತ್ತೆ ಕಣಮ್ಮ, ಆದ್ರೂ ನಾನು ನಿಮ್ಮತ್ತೆ ಕಡೆನೇ. ನಮ್ಮಪ್ಪ ಓದ್ತಿದ್ದ ಒಂದು ಪುಸ್ತಕ ನನ್ನತ್ರ ಇದೆ, ಬೆನ್ನು ಕಿತ್ಕೊಂಡಿದೆ, ಒಂದು ಪುಟದಲ್ಲಿ ಕಾಫಿ ಲೋಟದ ದುಂಡನೆ ಕಲೆ, ಪಕ್ಕದಲ್ಲಿ ಅವ್ರ ಅಕ್ಷರದಲ್ಲಿ "ಹೌದು" ಅಂತ ಒಂದೇ ಪದ, ಅವ್ರು ಹೋಗಿ ಇಷ್ಟು ವರ್ಷ ಆದ್ರೂ ಆ ಪುಟ ತೆಗೆದ್ರೆ ಪಕ್ಕದಲ್ಲೇ ಕೂತಿದಾರೆ ಅನ್ಸತ್ತೆ, ಹೊಸ ಪ್ರತಿ ತಂದ್ರೆ ಅದು ಸಿಗುತ್ತಾ ಹೇಳಿ.

ನೀವು ಹೆದರ್ಬೇಕಾಗಿರೋದು ನಮ್ಮ ಮಳೆಗಾಲಕ್ಕೆ. ಗಾಳಿಲಿ ತೇವ 65 ಪರ್ಸೆಂಟ್ ದಾಟಿ ಹಂಗೇ ನಿಂತ್ರೆ ಬೂಷ್ಟು ಹಿಡಿಯೋಕೆ ಶುರು, ಬೀಗ ಹಾಕಿದ ಬೀರು, ಪ್ಲಾಸ್ಟಿಕ್ ಕವರ್ ಎರಡೂ ಆ ತೇವನ ಒಳಗೇ ಹಿಡಿದಿಡತ್ತೆ. ಬೈಂಡಿಂಗಿನ ಅಂಟು ತಿನ್ನೋಕೆ ಸಿಲ್ವರ್‌ಫಿಶ್ ಹುಳನೂ ಬರತ್ತೆ. ಪ್ಲಾಸ್ಟಿಕ್ ತೆಗೆದು ಬ್ರೌನ್ ಪೇಪರ್ ಹಾಕಿ, ಬೀರುನ ಗೋಡೆಯಿಂದ ಸ್ವಲ್ಪ ದೂರ ಎಳೆದಿಡಿ, ಮಳೆ ಬಿಟ್ಟ ದಿನ ಬಾಗಿಲು ತೆಗೆದು ಗಾಳಿ ಆಡೋಕೆ ಬಿಡಿ. ಬಿಸಿಲಿಗೆ ಮಾತ್ರ ಹರಡ್ಬೇಡಿ, ಕಾಗದ ಹಳದಿ ಆಗತ್ತೆ. ದಿನಾ ಕೈಗೆ ತಗೊಳ್ಳೋ ಪುಸ್ತಕದಲ್ಲಿ ಬೂಷ್ಟು ಬೇಗ ಕಣ್ಣಿಗೆ ಬೀಳತ್ತೆ, ಆ ಲೆಕ್ಕದಲ್ಲಿ ಅತ್ತೆ ಉಪಕಾರನೇ ಮಾಡ್ತಿದಾರೆ. ಹರಿದ ಹಾಳೆಗೆ ಸೆಲೋಟೇಪ್ ಬೇಡ, ಆ ಅಂಟು ಆಮೇಲೆ ಕಂದು ಕಲೆ ಬಿಡತ್ತೆ.

ಮೂಲೆ ಮಡಚೋದು ಮಾತ್ರ ನಂಗೂ ಇಷ್ಟ ಇಲ್ಲ, ಕಾಗದ ಹಳೇದಾದ್ರೆ ಅಲ್ಲೇ ಮುರಿಯತ್ತೆ. ಹಳೇ ರೇಷ್ಮೆ ಸೀರೆ ಅಂಚಿಂದ ಒಂದು ತುಂಡು ಕತ್ತರಿಸಿ ಪುಟದ ಗುರುತಿಗೆ ಅಂತ ಅತ್ತೆ ಕೈಗೆ ಕೊಡಿ, ಪೆನ್ಸಿಲ್ ಅವ್ರ ಹತ್ರಾನೇ ಇರ್ಲಿ.