ಚಮಚದ ಹಿಂಬದಿ ಓದಿ, ಆಮೇಲೆ ಬೆಲೆ ಕೇಳಿ

ಪ್ರಶ್ನೆ: ಕೆಲಸದ ಮೇಲೆ ಕೋಪನ್‌ಹೇಗನ್‌ಗೆ ಬಂದು ನೆಲೆಸಿದ್ದೇವೆ. ಇಲ್ಲಿ ಹಳೇ ಸಾಮಾನು ಮಾರುವ ಕಡೆ ಆರು ಬೆಳ್ಳಿ ಚಮಚ ನೋಡಿದೆ. ಹಿಂಬದಿಯಲ್ಲಿ ಮೂರು ಗೋಪುರದ ಮುದ್ರೆ, ಗೋಪುರದ ಕೆಳಗೆ 28 ಎಂಬ ಅಂಕಿ, ಪಕ್ಕದಲ್ಲಿ ಒಂದಕ್ಕೊಂದು ಹೆಣೆದ ಅಕ್ಷರಗಳಿವೆ. ಮಾರುವವರು ಸ್ಟರ್ಲಿಂಗ್ ಅನ್ನುತ್ತಾರೆ. ಆದರೆ 925 ಎಲ್ಲೂ ಕಾಣಲಿಲ್ಲ, 830 ಎಸ್ ಅಂತಿದೆ. ತಗೊಂಡರೆ ಮೋಸ ಹೋಗ್ತೀನಾ?

ಉತ್ತರ: ಅವರು ಸ್ಟರ್ಲಿಂಗ್ ಅಂದದ್ದು ತಪ್ಪು. ಆದರೆ ಚಮಚ ಖೋಟಾ ಅಲ್ಲ. ನೀವು ಹೇಳಿದ ಗುರುತುಗಳೆಲ್ಲ ಒಂದಕ್ಕೊಂದು ಹೊಂದುತ್ತವೆ.

ಮೂರು ಗೋಪುರ ಕೋಪನ್‌ಹೇಗನ್ ನಗರದ ಲಾಂಛನ. ಬೆಳ್ಳಿಯನ್ನು ಪರೀಕ್ಷೆ ಮಾಡಿ ಒಪ್ಪಿದ್ದೇವೆ ಎಂಬುದಕ್ಕೆ ಆಗ ಹಾಕುತ್ತಿದ್ದ ಸರ್ಕಾರಿ ಮುದ್ರೆಯೂ ಅದೇ. ಕೆಳಗಿನ ಎರಡಂಕಿ ಇಸವಿ, ಅಂದರೆ 1928. ಹೆಣೆದ ಅಕ್ಷರಗಳು ಆಗ ಬೆಳ್ಳಿ ಪರೀಕ್ಷಿಸುತ್ತಿದ್ದ ಅಧಿಕಾರಿಯ ಗುರುತು. 1904ರಿಂದ 1932ರವರೆಗೆ ಆ ಹುದ್ದೆಯಲ್ಲಿದ್ದವರು ಕ್ರಿಶ್ಚಿಯನ್ ಎಫ್. ಹೈಸೆ. ಹಾಗಾಗಿ ನಿಮ್ಮ ಚಮಚದ ಮೇಲೆ ಸಿ, ಎಫ್, ಎಚ್ ಕೂಡಿರಬೇಕು. ಅವರ ನಂತರ 1960ರವರೆಗೆ ಯೊಹಾನ್ನೆಸ್ ಸಿಗ್ಗೋರ್ಡ್ ಇದ್ದರು, ಅವರದು ಜೆ ಮತ್ತು ಎಸ್. ಚಮಚ 1928ರದು ಎಂದು ಹೇಳಿ, ಪಕ್ಕದಲ್ಲಿ ಜೆ-ಎಸ್ ಇದ್ದರೆ ಅನುಮಾನ ಪಡಿ. ಒಂದು ಭೂತಗನ್ನಡಿ ಜೇಬಿನಲ್ಲಿರಲಿ. ಅಚ್ಚು ಒತ್ತಿದ ಮುದ್ರೆಯ ಅಂಚು ಚೂಪಾಗಿರುತ್ತದೆ. ಎರಕ ಹೊಯ್ದು ಮಾಡಿದ ನಕಲಿನಲ್ಲಿ ಅಂಚು ಮೊಂಡಾಗಿ, ತಳ ಮರಳು ಮರಳಾಗಿ ಕಾಣುತ್ತದೆ.

ಇನ್ನು 830ರ ವಿಷಯ. ಅದು ಸಾವಿರಕ್ಕೆ 830 ಪಾಲು ಬೆಳ್ಳಿ ಎಂಬ ಗುರುತು. ಮೂರು ಗೋಪುರ ಭರವಸೆ ಕೊಡುವುದು ಸಾವಿರಕ್ಕೆ 826 ಪಾಲು ಬೆಳ್ಳಿಗೆ ಮಾತ್ರ. ಸ್ಟರ್ಲಿಂಗ್ ಅಂದರೆ 925 ಪಾಲು. ಅದಕ್ಕೆ 925 ಎಸ್ ಅಂತಲೋ ಸ್ಟರ್ಲಿಂಗ್ ಅಂತಲೋ ಬೇರೆ ಮುದ್ರೆ ಇರಬೇಕು. ಎರಡೂ ಮುದ್ರೆ ಇರುವ ಸಾಮಾನೂ ಸಿಗುತ್ತದೆ. ಆದರೆ ಗೋಪುರ ಒಂದೇ ಇದ್ದರೆ ಅದನ್ನು ಸ್ಟರ್ಲಿಂಗ್ ಅನ್ನುವ ಹಾಗಿಲ್ಲ.

ಹಾಗಂತ 830 ಕೀಳು ಅಂದುಕೊಳ್ಳಬೇಡಿ. ಲೆಕ್ಕ ಹಾಕಿ ನೋಡಿ. 50 ಗ್ರಾಂ ತೂಗುವ ಚಮಚದಲ್ಲಿ 830 ಆದರೆ 41.5 ಗ್ರಾಂ ಬೆಳ್ಳಿ, 925 ಆದರೆ 46.25 ಗ್ರಾಂ. ವ್ಯತ್ಯಾಸ 5 ಗ್ರಾಂ ಕೂಡ ಇಲ್ಲ. ಡೆನ್ಮಾರ್ಕಿನ ಹಳೇ ಮನೆಗಳ ಬೆಳ್ಳಿ ಬಹುಪಾಲು ಈ 830ರದೇ. ಗೇಓರ್ ಯೆನ್ಸನ್, ಅಂದರೆ ನಾವು ಜಾರ್ಜ್ ಜೆನ್ಸನ್ ಎಂದು ಓದುವ ಹೆಸರು, 1904ರಲ್ಲಿ ಕೋಪನ್‌ಹೇಗನ್‌ನಲ್ಲಿ ಸ್ವಂತ ಕಮ್ಮಟ ತೆರೆದಾಗ ಅವರ ಶುರುವಿನ ಸಾಮಾನು ಕೂಡ 826, 830ರ ಬೆಳ್ಳಿಯೇ. ಇವತ್ತು ಸಂಗ್ರಹಕಾರರು ಮುಗಿಬೀಳುವುದು ಅವಕ್ಕೇ. ಹಳೇ ಡ್ಯಾನಿಷ್ ಬೆಳ್ಳಿಯಲ್ಲಿ ನಾವು ದುಡ್ಡು ಕೊಡುವುದು ತೂಕಕ್ಕಿಂತ ಜಾಸ್ತಿ ಕೈಕೆಲಸಕ್ಕೆ.

ಆದ್ದರಿಂದ ಮಾರುವವರಿಗೆ ನಯವಾಗಿ 830 ತೋರಿಸಿ, ಸ್ಟರ್ಲಿಂಗ್ ಬೆಲೆ ಬೇಡ ಅನ್ನಿ. ತಯಾರಕರ ಮುದ್ರೆಯನ್ನೂ ಹುಡುಕಿ. ಫ್ರೆಡೆರಿಸಿಯಾದ ಕೋರ್, ಕೋಲ್ಡಿಂಗ್‌ನ ಹಾನ್ಸ್ ಹಾನ್ಸನ್, 1841ರಲ್ಲಿ ಶುರುವಾದ ಎ. ಮಿಕೆಲ್ಸನ್, ಇವರೆಲ್ಲ ಒಳ್ಳೇ ಕೆಲಸದವರು. ಯೆನ್ಸನ್ ಹೆಸರಿಗೆ ಬೀಳುವ ಬೆಲೆ ಇವರಿಗೆ ಬೀಳುವುದು ಕಡಿಮೆ. ಹೊಸಬರು ಇಲ್ಲಿಂದಲೇ ಶುರು ಮಾಡಲಿ ಎಂಬುದು ನನ್ನ ಆಸೆ.

ಇನ್ನೊಂದು ಎಚ್ಚರಿಕೆ. ಗೋಪುರ ಎಣಿಸಿ. ಎರಡೇ ಗೋಪುರ ಇದ್ದರೆ ಅದು ಬೆಳ್ಳಿ ಲೇಪದ ಸಾಮಾನು. ‘ಪ್ಲೆಟ್’ ಎಂದಿದ್ದರೂ ಲೇಪವೇ. ದೂರದಿಂದ ಎರಡೂ ಒಂದೇ ಥರ ಕಾಣುತ್ತವೆ, ಅವಸರದಲ್ಲಿ ತುಂಬಾ ಜನ ಇಲ್ಲೇ ಎಡವುತ್ತಾರೆ.

ಪ್ರಶ್ನೆ: ನಾನಿರುವುದು ನ್ಯೂಜೆರ್ಸಿಯಲ್ಲಿ. ಹರಾಜಿನಲ್ಲಿ ಎರಡು ಸಾಮಾನು ನೋಡಿದ್ದೇನೆ. ಒಂದು ಬಟ್ಟಲಿನ ಮೇಲೆ ಜಾರ್ಜ್ ಜೆನ್ಸನ್ ಇಂಕ್, ಯುಎಸ್‌ಎ, ಸ್ಟರ್ಲಿಂಗ್ ಎಂದಿದೆ. ಇನ್ನೊಂದು ಏಕಾರ್ನ್ ವಿನ್ಯಾಸದ ಫೋರ್ಕು ಮತ್ತು ಚಾಕುಗಳ ಸೆಟ್, ‘1915ರದು’ ಎಂದು ಹಾಕಿದ್ದಾರೆ. ಯಾವುದು ತಗೊಳ್ಳಲಿ?

ಉತ್ತರ: ಬಟ್ಟಲು ಡೆನ್ಮಾರ್ಕಿನದಲ್ಲ. ಫ್ರೆಡೆರಿಕ್ ಲುನ್ನಿಂಗ್ ಎಂಬ ಡ್ಯಾನಿಷ್ ವ್ಯಾಪಾರಿ 1924ರಲ್ಲಿ ನ್ಯೂಯಾರ್ಕಿನಲ್ಲಿ ಯೆನ್ಸನ್ ಬೆಳ್ಳಿಯ ಅಂಗಡಿ ತೆರೆದರು. 1940ರ ಏಪ್ರಿಲ್‌ನಲ್ಲಿ ಜರ್ಮನ್ನರು ಡೆನ್ಮಾರ್ಕನ್ನು ಹಿಡಿದುಕೊಂಡ ಮೇಲೆ ಅಲ್ಲಿಂದ ಮಾಲು ಬರುವುದು ನಿಂತಿತು. ಆಗ ಅಂಗಡಿಯವರು ಅಮೆರಿಕದ ಅಕ್ಕಸಾಲಿಗರಿಂದ ಸಾಮಾನು ಮಾಡಿಸಿ ಅದೇ ಹೆಸರಲ್ಲಿ ಮಾರಿದರು. ಅವರಲ್ಲಿ ಅಲ್ಫೋನ್ಸ್ ಲಾ ಪಾಗ್ಲಿಯಾ ಮುಖ್ಯರು. ಅವರ ಕೆಲಸ ಚೆನ್ನಾಗಿದೆ, ಅದನ್ನೇ ಹುಡುಕುವವರೂ ಇದ್ದಾರೆ. ಬಟ್ಟಲು ಇಷ್ಟವಾಗಿದ್ದರೆ ಖಂಡಿತ ತಗೊಳ್ಳಿ. ಡ್ಯಾನಿಷ್ ಬೆಳ್ಳಿ ಎಂದು ದುಡ್ಡು ಕೊಡಬೇಡಿ, ಅಷ್ಟೆ.

ಏಕಾರ್ನ್ ವಿಷಯದಲ್ಲಿ ಹೆಚ್ಚು ಜೋಪಾನ ಬೇಕು. 1915 ಎಂಬುದು ಯೊಹಾನ್ ರೋಡೆ ಎಂಬವರು ಯೆನ್ಸನ್‌ಗಾಗಿ ಆ ವಿನ್ಯಾಸ ಮಾಡಿದ ಇಸವಿ. ನಿಮ್ಮ ಕೈಯಲ್ಲಿರುವ ಫೋರ್ಕು ತಯಾರಾದ ಇಸವಿ ಅದಲ್ಲ. ಆ ವಿನ್ಯಾಸವನ್ನು ಅಂದಿನಿಂದ ದಶಕಗಟ್ಟಲೆ ಮಾಡುತ್ತಲೇ ಬಂದಿದ್ದಾರೆ. ಹಿಂಬದಿಯಲ್ಲಿ ಚುಕ್ಕಿಗಳ ಅಂಡಾಕಾರದೊಳಗೆ ಜಾರ್ಜ್ ಜೆನ್ಸನ್ ಎಂದಿದ್ದು, ಸ್ಟರ್ಲಿಂಗ್ ಡೆನ್ಮಾರ್ಕ್ ಎಂದೂ ಇದ್ದರೆ ಅದು ಸಾಮಾನ್ಯವಾಗಿ 1945ರಿಂದ ಈಚಿನದು. ಹರಾಜಿನ ಪಟ್ಟಿಗಳಲ್ಲಿ ವಿನ್ಯಾಸದ ಇಸವಿಯನ್ನು ಸಾಮಾನಿನ ವಯಸ್ಸು ಅನ್ನುವ ಹಾಗೆ ಬರೆಯುವುದು ನನಗೆ ತುಂಬಾ ಬೇಸರದ ವಿಷಯ. 1926ರ ಪಿರಮಿಡ್, 1930ರ ಕ್ಯಾಕ್ಟಸ್, 1957ರ ಕ್ಯಾರವೆಲ್, ಯೆನ್ಸನ್‌ನ ಈ ಎಲ್ಲ ವಿನ್ಯಾಸಕ್ಕೂ ಹೀಗೇ ಮಾಡುತ್ತಾರೆ. ಮುದ್ರೆಯ ಫೋಟೋ ಕೇಳಿ. ಕೊಡದಿದ್ದರೆ ಬಿಟ್ಟುಬಿಡಿ.

ಸೆಟ್ಟನ್ನು ತೂಕಕ್ಕೆ ಮಾರುತ್ತಿದ್ದರೆ ಚಾಕುಗಳನ್ನು ಬದಿಗಿಟ್ಟು ತೂಗಿಸಿ. ಅವುಗಳ ಅಲಗು ಸ್ಟೀಲಿನದು. ಹಿಡಿ ಟೊಳ್ಳು ಬೆಳ್ಳಿ, ಒಳಗೆ ಅಂಟು ತುಂಬಿರುತ್ತಾರೆ. ಹಿಡಿಯನ್ನೂ ಅಲಗನ್ನೂ ಹಿಡಿದು ಮೆಲ್ಲಗೆ ಅಲ್ಲಾಡಿಸಿ ನೋಡಿ. ಡಿಶ್‌ವಾಷರ್‌ಗೆ ಹಾಕಿದ ಚಾಕು ಬಿಸಿಗೆ ಸಡಿಲವಾಗಿರುತ್ತದೆ.

ಪ್ರಶ್ನೆ: ಮಗಳು ಡೆನ್ಮಾರ್ಕಿನಿಂದ ಯೆನ್ಸನ್ ಬಡಿಸುವ ಚಮಚ ತಂದಳು. ಹಿಡಿಯ ತುದಿಯ ಹೂವಿನ ಸಂದಿಯಲ್ಲೆಲ್ಲ ಕಪ್ಪು. ನಮ್ಮ ದೇವರ ಸಾಮಾನಿಗೆ ಹಾಕುವ ಹುಣಸೆಹಣ್ಣು, ವಿಭೂತಿ ಹಾಕಿ ತಿಕ್ಕೋಣ ಅಂದರೆ ಅವಳು ಬೇಡವೇ ಬೇಡ ಅನ್ನುತ್ತಾಳೆ. (ಮೈಸೂರು)

ಉತ್ತರ: ಮಗಳ ಮಾತು ಕೇಳಿ ಅಮ್ಮ. ಆ ಕಪ್ಪು ಕೊಳೆಯಲ್ಲ. ಹೂವು, ಹಣ್ಣು, ಎಲೆಗಳು ಎದ್ದು ಕಾಣಲಿ ಎಂದು ಕಮ್ಮಟದಲ್ಲೇ ಸಂದಿಗೆ ಕಪ್ಪು ಹಿಡಿಸಿ, ಮೇಲ್ಭಾಗವನ್ನು ಮಾತ್ರ ಉಜ್ಜಿ ಬಿಡುತ್ತಾರೆ. ಚಮಚವನ್ನು ಕಿಟಕಿ ಬೆಳಕಿಗೆ ಹಿಡಿದು ಓರೆಯಾಗಿ ತಿರುಗಿಸಿ. ಎಷ್ಟೋ ಯೆನ್ಸನ್ ಸಾಮಾನಿನ ಮೈ ಕನ್ನಡಿಯಂತೆ ಸಪಾಟಾಗಿರುವುದಿಲ್ಲ. ಸುತ್ತಿಗೆಯ ಸಣ್ಣ ಸಣ್ಣ ಏಟುಗಳು ಒಂದರ ಪಕ್ಕ ಒಂದು ಬಿದ್ದು, ಬೆಳಕು ಮೃದುವಾಗಿ ಒಡೆದು ಹರಡುತ್ತದೆ. ಈ ಸುತ್ತಿಗೆ ಗುರುತು ಮತ್ತು ಸಂದಿಯ ಕಪ್ಪು, ಎರಡೂ ಸೇರಿಯೇ ಆ ಸಾಮಾನಿನ ಅಂದ. ಹುಣಸೆಹಣ್ಣಿನ ಹುಳಿ ಕಪ್ಪನ್ನು ತೆಗೆಯುತ್ತದೆ. ವಿಭೂತಿ, ಹಲ್ಲುಪುಡಿ ಮೈಯನ್ನು ಗೀರುತ್ತವೆ. ಪಾಲಿಷ್ ಚಕ್ರಕ್ಕೆ ಹಿಡಿದರಂತೂ ಸುತ್ತಿಗೆಯ ಗುರುತೇ ಸವೆದು ಹೋಗುತ್ತದೆ, ಮತ್ತೆ ತರಲು ಆಗದು. ಅಂಗಡಿಯಲ್ಲಿ ಸಿಗುವ, ಅದ್ದಿ ತೆಗೆಯುವ ದ್ರಾವಣವೂ ಬೇಡ. ಅಲ್ಯೂಮಿನಿಯಂ ಹಾಳೆ ಹಾಸಿ ಸೋಡಾ ನೀರಲ್ಲಿಡುವ ಉಪಾಯ ಸಾದಾ ಬಟ್ಟಲಿಗೆ ಸರಿ, ಇದಕ್ಕೆ ಬೇಡ.

ಉಗುರುಬೆಚ್ಚಗಿನ ನೀರು, ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್, ಮೆತ್ತನೆ ಬಟ್ಟೆ ಸಾಕು. ತೊಳೆದ ತಕ್ಷಣ ಒರೆಸಿ. ಮೊಟ್ಟೆ ತಿಂದ ಚಮಚವನ್ನು ಹಾಗೇ ಬಿಡಬೇಡಿ, ಅದರಲ್ಲಿರುವ ಗಂಧಕ ಬೆಳ್ಳಿಯನ್ನು ಕಪ್ಪು ಮಾಡುತ್ತದೆ. ಬೆಳ್ಳಿ ಬಟ್ಟಲಿನಲ್ಲಿ ಉಪ್ಪು, ಉಪ್ಪಿನಕಾಯಿ ಇಟ್ಟು ಮರೆತರೆ ಗುಳಿ ಬೀಳುತ್ತದೆ. ಬೀರುವಿನಲ್ಲಿಡುವಾಗ ರಬ್ಬರ್ ಬ್ಯಾಂಡ್ ಸುತ್ತಬೇಡಿ. ಅದರಲ್ಲೂ ಗಂಧಕವಿದೆ, ಸುತ್ತಿದ ಜಾಗದಲ್ಲಿ ಕಪ್ಪು ಗೆರೆ ಕೂರುತ್ತದೆ. ದಿನಾ ಬಳಸುವ ಬೆಳ್ಳಿ ಕಪ್ಪಾಗುವುದು ಕಡಿಮೆ. ಅನ್ನ, ಪಲ್ಯ ಬಡಿಸಲು ತೆಗೆಯಿರಿ, ಒಳ್ಳೇದೇ.

ಪ್ರಶ್ನೆ: ಬೇರೆಯವರ ಹೆಸರಿನ ಅಕ್ಷರ ಕೆತ್ತಿದ ಸಾಮಾನು ಅರ್ಧ ಬೆಲೆಗೆ ಸಿಗುತ್ತಿದೆ. ಅಕ್ಷರ ಅಳಿಸಿಕೊಡುತ್ತೇವೆ ಅನ್ನುತ್ತಾರೆ. ಅಳಿಸಿಸಲಾ?

ಉತ್ತರ: ಬೇಡ. ಅಳಿಸುವುದೆಂದರೆ ಅಷ್ಟು ಬೆಳ್ಳಿಯನ್ನು ಅರೆದು ತೆಗೆಯುವುದು. ಆ ಜಾಗ ತೆಳ್ಳಗಾಗುತ್ತದೆ, ನಾಳೆ ಮಾರಲು ಹೋದರೆ ಬೆಲೆಯೂ ಇಳಿಯುತ್ತದೆ. ಯಾರೋ ಈಗಾಗಲೇ ಅಳಿಸಿದ್ದಾರಾ ಎಂದು ತಿಳಿಯಲು ಬಾಯಿಂದ ಆವಿ ಊದಿ. ಹಳೇ ಅಕ್ಷರದ ನೆರಳು ಎಷ್ಟೋ ಸಲ ಒಂದು ಕ್ಷಣ ಮೂಡಿ ಮರೆಯಾಗುತ್ತದೆ. ನನಗಂತೂ ಅಕ್ಷರವಿರುವ ಬೆಳ್ಳಿ ಇಷ್ಟ. ಮದುವೆಗೋ ನಾಮಕರಣಕ್ಕೋ ಕೆತ್ತಿಸಿದ್ದಿರುತ್ತದೆ. ಕೆಲವದರ ಮೇಲೆ ತಾರೀಖು ಕೂಡ ಇರುತ್ತದೆ. ಅದು ಗೋಪುರದ ಕೆಳಗಿನ ಇಸವಿಗೆ ಹತ್ತಿರವಿದ್ದರೆ ಸಾಮಾನಿನ ವಯಸ್ಸಿಗೆ ಇನ್ನೊಂದು ಸಾಕ್ಷಿ ಸಿಕ್ಕಂತಾಯಿತು. ಗೋಪುರದ ಇಸವಿಗಿಂತ ಕೆತ್ತಿದ ತಾರೀಖು ಹಳೆಯದಾಗಿದ್ದರೆ ಮಾತ್ರ ತಗೊಳ್ಳುವ ಮೊದಲು ಬಲ್ಲವರಿಗೆ ತೋರಿಸಿ.