ಪ್ರತಿಕ್ರಿಯೆ: ಹಳೆಯ ಸಂಶೋಧನಾ ಪ್ರವಾಸವನ್ನು ನೆನಪಿನಿಂದ ಬರೆಯುವುದು
ಯೌವನದಲ್ಲಿ ಸಂಶೋಧನೆಗಾಗಿ ಮಾಡಿದ ವಿದೇಶ ಪ್ರವಾಸವನ್ನು ಈಗ ಬರೆಯಲು ಕುಳಿತರೆ ನೆನಪನ್ನು ಎಷ್ಟರಮಟ್ಟಿಗೆ ನಂಬಬಹುದು ಎಂದು ತಾವು ಕೇಳಿದ್ದೀರಿ. ನನ್ನದೇ ಒಂದು ಎಡವಟ್ಟನ್ನು ಹೇಳುತ್ತೇನೆ.

1990ರ ದಶಕದ ಆರಂಭದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕಡತಗಳನ್ನು ನೋಡಲೆಂದು ನಾನು ಲಂಡನ್ನಿಗೆ ಹೋಗಿದ್ದೆ. ಬ್ರಿಟಿಷ್ ಮ್ಯೂಸಿಯಮ್ಮಿನ ದುಂಡನೆಯ ವಾಚನಾಲಯದ ಗುಮ್ಮಟದಡಿ ಕುಳಿತೇ ಅವನ್ನೆಲ್ಲ ಓದಿದೆನೆಂದು ಎಷ್ಟೋ ವರ್ಷ ಹೇಳಿಕೊಂಡು ಬಂದೆ. ಒಂದೆರಡು ಕಡೆ ಬರೆದೂಬಿಟ್ಟೆ. ಹಳೆಯ ನೋಟುಬುಕ್ಕು ಕೈಗೆ ಸಿಕ್ಕಾಗ ನಿಜ ತಿಳಿಯಿತು. ಕಂಪನಿಯ ಕಡತಗಳೂ ಸೇರಿರುವ ಇಂಡಿಯಾ ಆಫೀಸ್ (ಭಾರತದ ಆಡಳಿತ ನೋಡಿಕೊಳ್ಳುತ್ತಿದ್ದ ಬ್ರಿಟಿಷ್ ಸರ್ಕಾರದ ಇಲಾಖೆ) ದಾಖಲೆಗಳು ಆಗ ಇದ್ದದ್ದು ಥೇಮ್ಸ್ ನದಿಯ ದಕ್ಷಿಣಕ್ಕೆ, ಬ್ಲ್ಯಾಕ್‌ಫ್ರಯರ್ಸ್ ರಸ್ತೆಯ ಆರ್ಬಿಟ್ ಹೌಸ್ ಎಂಬ, ನನ್ನ ಕಣ್ಣಿಗೆ ಯಾವ ಚೆಲುವೂ ಕಾಣದ ಕಚೇರಿ ಕಟ್ಟಡದಲ್ಲಿ. ಸೇಂಟ್ ಪ್ಯಾಂಕ್ರಾಸ್‌ನಲ್ಲಿರುವ ಬ್ರಿಟಿಷ್ ಲೈಬ್ರರಿಯ ಹೊಸ ಕಟ್ಟಡಕ್ಕೆ ಅವು ಹೋದದ್ದು 1998ರಲ್ಲಿ. ಗುಮ್ಮಟವನ್ನು ನಾನು ನೋಡಿದ್ದು ಒಂದೇ ಒಂದು ಮಧ್ಯಾಹ್ನ, ಆದರೆ ಅದರ ಚೆಂದ ಉಳಿದ ತಿಂಗಳುಗಳನ್ನೆಲ್ಲ ನುಂಗಿಹಾಕಿತ್ತು.

ಆದ್ದರಿಂದ ಪೆನ್ಸಿಲ್ಲಿನಲ್ಲಿ (ಪೆನ್ನಿಗೆ ಅಲ್ಲಿ ಅವಕಾಶವಿರಲಿಲ್ಲ) ಗೀಚಿಕೊಂಡ ಕಡತಸಂಖ್ಯೆಗಳು, ಬಸ್ಸಿನ ಟಿಕೆಟ್ಟುಗಳು, ಮನೆಗೆ ಬರೆದ ಕಾಗದಗಳು ಏನಾದರೂ ಉಳಿದಿದ್ದರೆ ಮೊದಲು ಅವನ್ನು ಹರಡಿಕೊಳ್ಳಿ. ನನ್ನ ಪುಟದ ಅಂಚಿನಲ್ಲಿದ್ದ ‘ಎಫ್/4’ ಎಂಬಷ್ಟರಿಂದಲೇ ಅದು 1796ರಿಂದ 1858ರವರೆಗಿನ ಬೋರ್ಡ್ಸ್ ಕಲೆಕ್ಷನ್ಸ್ (ಕಂಪನಿಯ ಮೇಲ್ವಿಚಾರಣೆಗಿದ್ದ ಬೋರ್ಡ್ ಆಫ್ ಕಂಟ್ರೋಲ್‌ಗಾಗಿ ಒಟ್ಟುಮಾಡಿದ ಕಾಗದಪತ್ರಗಳು) ಸರಣಿಯೆಂದು ಗೊತ್ತಾಗಿ, ಆ ವಾರ ಏನು ಓದುತ್ತಿದ್ದೆನೆಂಬುದು ಬಿಚ್ಚಿಕೊಂಡಿತು. ಚಳಿ, ಒಂಟಿತನ, ಕಡತ ಬರುವವರೆಗಿನ ಕಾತರ ಇವುಗಳನ್ನು ನೆನಪಿನಿಂದಲೇ ಬರೆಯಿರಿ, ಅಲ್ಲಿ ಅದು ಅಷ್ಟಾಗಿ ಮೋಸ ಮಾಡುವುದಿಲ್ಲ. ತಮ್ಮ ಹಳೆಯ ಓದುಗರ ಕಾರ್ಡು ಇನ್ನೂ ಇದ್ದರೆ ಅದರ ಮೇಲಿನ ತಾರೀಖಿನಿಂದಲೇ ಆರಂಭಿಸಬಹುದು.