ಇಪಿಸಿ ‘ಇ’ ಇರುವ ಮನೆ ಕೊಂಡರೆ ಬಿಲ್ ನಿಜವಾಗಲೂ ಅಷ್ಟು ಬರುತ್ತಾ?

ನೀವು ಕೇಳಿರುವುದು ಇಷ್ಟು: ಇಂಗ್ಲೆಂಡಿನಲ್ಲಿ ಎರಡು ಮನೆ ನೋಡಿದ್ದೀರಿ. ಅಲ್ಲಿ ಮನೆಯ ಶಕ್ತಿ ಬಳಕೆಗೆ ಇಪಿಸಿ ಅನ್ನುವ ಪ್ರಮಾಣಪತ್ರ ಇರುತ್ತದೆ, ಅದರಲ್ಲಿ ‘ಎ’ ಎಲ್ಲಕ್ಕಿಂತ ಒಳ್ಳೆಯದು, ‘ಜಿ’ ಎಲ್ಲಕ್ಕಿಂತ ಕೆಟ್ಟದ್ದು. ಒಂದು ಈಚಿನದು, ಇಪಿಸಿ ‘ಸಿ’. ಇನ್ನೊಂದು ನೂರು ವರ್ಷ ದಾಟಿದ ಇಟ್ಟಿಗೆ ಮನೆ, ಇಪಿಸಿ ‘ಇ’. ಮನಸ್ಸು ಹಳೇ ಮನೆ ಮೇಲಿದೆ. ಆದರೆ ಅದರ ಇಪಿಸಿಯಲ್ಲಿ ವರ್ಷದ ಖರ್ಚು ಅಂತ ಬರೆದಿರುವ ಮೊತ್ತ ನೋಡಿ ಮನೆಯವರು ಹೆದರಿದ್ದಾರೆ.

ನೇರವಾಗಿ ಹೇಳುತ್ತೇನೆ. ಬಹುಶಃ ಅಷ್ಟು ಬರುವುದಿಲ್ಲ. ಆದರೆ ಯಾಕೆ ಬರುವುದಿಲ್ಲ ಅನ್ನುವುದನ್ನು ತಿಳಿದುಕೊಂಡೇ ಮುಂದುವರಿಯಿರಿ. ಆ ‘ಯಾಕೆ’ಯ ಒಂದು ಭಾಗ ಒಳ್ಳೆಯ ಸುದ್ದಿ, ಇನ್ನೊಂದು ಭಾಗ ಅಲ್ಲ.

ಮೊದಲು ಆ ಅಕ್ಷರ ಹೇಗೆ ಬರುತ್ತದೆ ನೋಡಿ. ಇಪಿಸಿ ಮಾಡುವವರು ಮನೆಗೆ ಬರುತ್ತಾರೆ. ಕೋಣೆಗಳ ಅಳತೆ ತೆಗೆದುಕೊಳ್ಳುತ್ತಾರೆ. ಮನೆ ಬಿಸಿ ಮಾಡುವ ಬಾಯ್ಲರ್ ಯಾವ ಮಾಡೆಲ್ ಅಂತ ಬರೆದುಕೊಳ್ಳುತ್ತಾರೆ. ಏಣಿ ಹಾಕಿ ಅಟ್ಟಕ್ಕೆ ಇಣುಕಿ, ಶಾಖ ಹೊರಗೆ ಹೋಗದಂತೆ ಅಲ್ಲಿ ಹಾಸಿರುವ ಉಣ್ಣೆಯಂಥ ಇನ್ಸುಲೇಶನ್ ಎಷ್ಟು ದಪ್ಪ ಇದೆ ಅಂತ ಅಳೆಯುತ್ತಾರೆ. ಕಿಟಕಿಗೆ ಒಂದು ಗಾಜೋ ಎರಡೋ ನೋಡುತ್ತಾರೆ. ಅಷ್ಟೇ. ಗೋಡೆ ಕೊರೆಯುವುದಿಲ್ಲ. ನಿಮ್ಮ ಗ್ಯಾಸ್ ಮೀಟರ್ ಎಷ್ಟು ಓಡಿದೆ ಅಂತ ಕೇಳುವುದೂ ಇಲ್ಲ. ಗೋಡೆಯೊಳಗೆ ಏನಿದೆ ಅನ್ನುವುದಕ್ಕೆ ಕಾಗದಪತ್ರ ಇಲ್ಲದಿದ್ದರೆ, ಮನೆ ಕಟ್ಟಿದ ಕಾಲ ನೋಡಿ ಒಂದು ಅಂದಾಜು ಹಾಕುತ್ತಾರೆ. ನಿಮ್ಮ ಇಪಿಸಿ ತೆಗೆದು ಗೋಡೆ ಅಂತ ಇರುವ ಸಾಲು ಓದಿ. ಕೊನೆಯಲ್ಲಿ ಕಂಸದೊಳಗೆ ‘ಅಸ್ಯೂಮ್ಡ್’ ಅಂತ ಇದ್ದರೆ, ಅದನ್ನು ಯಾರೂ ಕಣ್ಣಾರೆ ನೋಡಿಲ್ಲ.

ಇದೆಲ್ಲ ‘ಸ್ಯಾಪ್’ ಅನ್ನುವ ಸರ್ಕಾರಿ ಲೆಕ್ಕದ ವಿಧಾನಕ್ಕೆ ಹೋಗುತ್ತದೆ. ಅಲ್ಲಿ ನಿಮ್ಮ ಕುಟುಂಬ ಇರುವುದಿಲ್ಲ, ಒಂದು ಕಲ್ಪಿತ ಕುಟುಂಬ ಇರುತ್ತದೆ. ಎಷ್ಟು ಜನ ಅನ್ನುವುದು ಕೂಡ ಮನೆಯ ವಿಸ್ತೀರ್ಣದಿಂದ ಬರುತ್ತದೆ. ಹಾಲ್ 21 ಡಿಗ್ರಿ, ಉಳಿದ ಕೋಣೆಗಳು ಅದಕ್ಕಿಂತ ಸ್ವಲ್ಪ ತಣ್ಣಗೆ, ಸುಮಾರು 18. ವಾರದ ದಿನಗಳಲ್ಲಿ ಬೆಳಿಗ್ಗೆ ಎರಡು ಗಂಟೆ, ಮತ್ತೆ ಸಂಜೆ ನಾಲ್ಕರಿಂದ ರಾತ್ರಿ ಹನ್ನೊಂದರವರೆಗೆ ಹೀಟಿಂಗ್. ಇಷ್ಟು ಮಾಡಿದರೆ ಪ್ರತಿ ಚದರ ಮೀಟರಿಗೆ ಎಷ್ಟು ಖರ್ಚು ಅಂತ ನೋಡಿ ಅಂಕ ಕೊಡುತ್ತಾರೆ. 69ರಿಂದ 80 ಬಂದರೆ ‘ಸಿ’, 39ರಿಂದ 54 ಬಂದರೆ ‘ಇ’. ಅಡುಗೆ, ಫ್ರಿಜ್, ವಾಷಿಂಗ್ ಮಷೀನ್, ಟಿವಿ ಇದರಲ್ಲಿ ಸೇರಿಲ್ಲ. ಅವೆಲ್ಲ ನಿಮ್ಮ ಬಿಲ್‌ನಲ್ಲಿ ಮಾತ್ರ ಬರುತ್ತವೆ.

ನಮ್ಮೂರಲ್ಲಿ ಎಸಿ ಮೇಲಿನ ಸ್ಟಾರ್ ಲೇಬಲ್ ನೋಡಿದ್ದೀರಲ್ಲ? ಅದರಲ್ಲಿರುವ ವರ್ಷದ ಯೂನಿಟ್, 1600 ಗಂಟೆ ಓಡಿಸಿದರೆ ಅಂತ ಹಾಕಿದ ಲೆಕ್ಕ. ಬೆಂಗಳೂರಿನಲ್ಲಿ ಏಪ್ರಿಲ್ ರಾತ್ರಿ ಮಾತ್ರ ಎಸಿ ಹಾಕುವವರಿಗೂ, ಕಲಬುರಗಿಯಲ್ಲಿ ಮಾರ್ಚಿನಿಂದಲೇ ಹಗಲೂ ರಾತ್ರಿ ಓಡಿಸುವವರಿಗೂ ಅದೇ ಸಂಖ್ಯೆ. ಎರಡು ಎಸಿಗಳನ್ನು ಹೋಲಿಸುವುದಕ್ಕೆ ಅದು ಸರಿ. ಬಿಲ್ ಎಷ್ಟು ಬರುತ್ತದೆ ಅಂತ ಹೇಳುವುದಕ್ಕೆ ಮಾಡಿದ್ದಲ್ಲ. ಇಪಿಸಿಯೂ ಅಷ್ಟೇ.

ಹಾಗಾದರೆ ಎಷ್ಟು ವ್ಯತ್ಯಾಸ ಇರುತ್ತದೆ? ಯೂನಿವರ್ಸಿಟಿ ಕಾಲೇಜ್ ಲಂಡನ್‌ನವರು 2023ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಗ್ಯಾಸ್ ಹೀಟಿಂಗ್ ಇರುವ 1,374 ಮನೆಗಳ ಸ್ಮಾರ್ಟ್ ಮೀಟರ್ ಲೆಕ್ಕವನ್ನು ಅವುಗಳ ಇಪಿಸಿ ಪಕ್ಕ ಇಟ್ಟು ನೋಡಿದರು. ಎ ಮತ್ತು ಬಿ ಮನೆಗಳಲ್ಲಿ ಎರಡೂ ಹೆಚ್ಚುಕಮ್ಮಿ ಹೊಂದಿಕೊಂಡವು. ಸಿ ಮನೆಗಳು ಇಪಿಸಿ ಹೇಳಿದ್ದಕ್ಕಿಂತ ಶೇಕಡ 8ರಷ್ಟು ಕಮ್ಮಿ ಬಳಸುತ್ತಿದ್ದವು. ಕೆಳಗೆ ಹೋದಂತೆ ಅಂತರ ಬೆಳೆಯುತ್ತಾ ಹೋಗಿ, ಎಫ್ ಮತ್ತು ಜಿ ಮನೆಗಳಲ್ಲಿ ಶೇಕಡ 48 ಕಮ್ಮಿ. ಸುಮಾರು ಅರ್ಧ! ನಿಮ್ಮ ‘ಇ’ ಇವೆರಡರ ಮಧ್ಯೆ ಬರುತ್ತದೆ.

ಇದು ಬ್ರಿಟನ್ನಿನದು ಮಾತ್ರ ಅಲ್ಲ. ಜರ್ಮನಿಯ ಸುಮಾರು 3,400 ಮನೆಗಳ ಮಾಹಿತಿ ಇಟ್ಟುಕೊಂಡು ಕೇಂಬ್ರಿಜ್‌ನ ಇಬ್ಬರು ಸಂಶೋಧಕರು 2012ರಲ್ಲೇ ಇದನ್ನು ತೋರಿಸಿದ್ದರು. ಜನ ಸರಾಸರಿ ಶೇಕಡ 30 ಕಮ್ಮಿ ಬಳಸುತ್ತಿದ್ದರು. ಇದಕ್ಕೆ ಅವರು ‘ಪ್ರಿಬೌಂಡ್’ ಅಂತ ಹೆಸರಿಟ್ಟರು.

ಈಗ ಕಾರಣಕ್ಕೆ ಬರೋಣ. ಒಳ್ಳೆಯ ಸುದ್ದಿ ಏನೆಂದರೆ, ಹಳೇ ಗೋಡೆಗಳು ಅಂದುಕೊಂಡಷ್ಟು ಕೆಟ್ಟದಾಗಿಲ್ಲ. ಗಟ್ಟಿ ಇಟ್ಟಿಗೆ ಗೋಡೆಯಿಂದ ಶಾಖ ಎಷ್ಟು ಸೋರುತ್ತದೆ ಅನ್ನುವುದಕ್ಕೆ ಲೆಕ್ಕದಲ್ಲಿ 2.1 ಅನ್ನುವ ಯು-ವ್ಯಾಲ್ಯೂ ಹಾಕುತ್ತಿದ್ದರು. ನಿಜವಾದ ಗೋಡೆಗಳಿಗೆ ಸೆನ್ಸರ್ ಅಂಟಿಸಿ ಅಳೆದಾಗ ಅದಕ್ಕಿಂತ ಕಮ್ಮಿ ಬಂತು. 2017ರ ಕೊನೆಯಲ್ಲಿ ಅದನ್ನು 1.7ಕ್ಕೆ ಇಳಿಸಿದರು. ಇಪಿಸಿ 10 ವರ್ಷ ನಡೆಯುತ್ತದೆ. ಹಾಗಾಗಿ ನಿಮ್ಮ ಹಳೇ ಮನೆಯ ಇಪಿಸಿ ಯಾವಾಗ ಮಾಡಿದ್ದು ಅಂತ ನೋಡಿ. 2017ಕ್ಕಿಂತ ಮುಂಚಿನದಾದರೆ, ಅದೇ ಗೋಡೆಗೆ ಈಗ ಸ್ವಲ್ಪ ಹೆಚ್ಚು ಅಂಕ ಬರಬಹುದು. ಹಾಗೇ, ಅದರಲ್ಲಿರುವ ಪೌಂಡ್ ಲೆಕ್ಕ ಕೂಡ ಆಗಿನ ಗ್ಯಾಸ್ ಬೆಲೆಯದು. 2022ರಲ್ಲಿ ಬೆಲೆ ಏರಿದ್ದು ಅದರಲ್ಲಿ ಇರುವುದಿಲ್ಲ.

ಇನ್ನೊಂದು ಕಾರಣ ಜನ. ಸೋರುವ ಮನೆಯಲ್ಲಿರುವವರು ಇಡೀ ಮನೆ ಬಿಸಿ ಮಾಡುವುದಿಲ್ಲ. ದುಡ್ಡು ಸಾಲುವುದಿಲ್ಲ. ಒಂದು ಕೋಣೆಯಲ್ಲಿ ಸ್ವೆಟರ್ ಹಾಕಿಕೊಂಡು, ಕಂಬಳಿ ಹೊದ್ದು ಕೂರುತ್ತಾರೆ. ಮೀಟರ್ ಕಮ್ಮಿ ಓಡುತ್ತದೆ. ಇದನ್ನು ಉಳಿತಾಯ ಅಂತ ಕರೆಯಲು ನನಗೆ ಮನಸ್ಸು ಬರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಚಳಿಗಾಲದಲ್ಲಿ ಮನೆಯೊಳಗೆ ಕನಿಷ್ಠ 18 ಡಿಗ್ರಿ ಇರಲಿ ಅನ್ನುತ್ತದೆ. ಅದಕ್ಕಿಂತ ತಣ್ಣಗಿರುವ ಕೋಣೆಯಲ್ಲಿ ನಾವು ಅನ್ನ ಸಾರು ಕುದಿಸಿದ ಆವಿ, ಒಳಗೇ ಹರವಿದ ಬಟ್ಟೆಯ ತೇವ ಎಲ್ಲ ಹೋಗಿ ಹೊರಗೋಡೆಯ ಮೂಲೆಯಲ್ಲಿ ಕೂರುತ್ತದೆ. ಬೀರು ಸರಿಸಿ ನೋಡಿದರೆ ಹಿಂದೆ ಕಪ್ಪು ಬೂಸ್ಟು. ಸಣ್ಣ ಮಕ್ಕಳಿದ್ದರೆ ಕೆಮ್ಮು ಬಿಡುವುದೇ ಇಲ್ಲ. ಈ ಮನೆಯ ಹಿಂದಿನ ಬಿಲ್ ಕಮ್ಮಿ ಇದ್ದರೆ, ಮನೆ ಚೆನ್ನಾಗಿರುವುದರಿಂದಲೋ ಅಥವಾ ಅಲ್ಲಿದ್ದವರು ಚಳಿ ಸಹಿಸಿದ್ದರಿಂದಲೋ ಅನ್ನುವುದನ್ನು ನೀವು ಕೇಳಿಯೇ ತಿಳಿಯಬೇಕು.

ಎಲ್ಲವನ್ನೂ ಜನರ ಮೇಲೆ ಹಾಕುವುದೂ ತಪ್ಪು. ಲಂಡನ್ನಿನ ಅಧ್ಯಯನದಲ್ಲಿ ಆ ಕಲ್ಪಿತ ಕುಟುಂಬದ ಹಾಗೆಯೇ ಬದುಕುವ, ಇಡೀ ಮನೆ ಬಿಸಿ ಮಾಡುವ ಮನೆಗಳನ್ನೇ ಆರಿಸಿ ನೋಡಿದರೂ ಅಂತರ ಉಳಿದಿತ್ತು. ಅಂದರೆ ಲೆಕ್ಕದ ವಿಧಾನದಲ್ಲೇ ಏನೋ ಹೆಚ್ಚಾಗಿದೆ.

ನಮ್ಮವರ ವಿಷಯದಲ್ಲಿ ಇದು ತಿರುಗಾಮುರುಗಾ ಆಗುವುದೂ ಉಂಟು. ಇಬ್ಬರೂ ಮನೆಯಿಂದಲೇ ಕೆಲಸ, ಡಿಸೆಂಬರ್‌ನಲ್ಲಿ ದಾವಣಗೆರೆಯಿಂದ ಅಪ್ಪ ಅಮ್ಮ ಬರುತ್ತಾರೆ, ಥರ್ಮೋಸ್ಟಾಟ್ 23ಕ್ಕೆ ಹೋಗುತ್ತದೆ, ಹಗಲೆಲ್ಲ ಹೀಟಿಂಗ್. ಕಲ್ಪಿತ ಕುಟುಂಬಕ್ಕೆ ಒಂಬತ್ತು ಗಂಟೆ, ನಿಮಗೆ ಹದಿನಾರು. ಹೀಗಿದ್ದರೆ ‘ಸಿ’ ಮನೆಯ ಬಿಲ್ ಕೂಡ ಇಪಿಸಿ ಹೇಳಿದ್ದನ್ನು ದಾಟಿ ಹೋಗಬಹುದು. ಅದೇ ನಡವಳಿಕೆ ‘ಇ’ ಮನೆಯಲ್ಲಿ ಇನ್ನೂ ದುಬಾರಿ. ಆದ್ದರಿಂದ ಸರಾಸರಿ ನೋಡಿ ಸಮಾಧಾನ ಪಡುವ ಮುಂಚೆ ನಿಮ್ಮ ಮನೆಯ ದಿನಚರಿ ನೋಡಿಕೊಳ್ಳಿ.

ದುಡ್ಡಿನ ದೃಷ್ಟಿಯಿಂದ ಮುಖ್ಯವಾದ ಮಾತು ಒಂದಿದೆ. ಇಪಿಸಿಯ ಕೊನೆಯಲ್ಲಿ ಗೋಡೆಗೆ ಇನ್ಸುಲೇಶನ್ ಹಾಕಿದರೆ ವರ್ಷಕ್ಕೆ ಇಷ್ಟು ಪೌಂಡ್ ಉಳಿಯುತ್ತದೆ ಅಂತ ಪಟ್ಟಿ ಇರುತ್ತದೆ. ಆ ಉಳಿತಾಯ ಕೂಡ ಅದೇ ಕಲ್ಪಿತ ಕುಟುಂಬದ್ದು. ಉದಾಹರಣೆಗೆ, 400 ಪೌಂಡ್ ಉಳಿಯುತ್ತದೆ ಅಂತ ಬರೆದಿದೆ ಅಂದುಕೊಳ್ಳಿ. ಆ ಮನೆಯವರು ಈಗಾಗಲೇ ಅರ್ಧ ಗ್ಯಾಸ್ ಮಾತ್ರ ಬಳಸುತ್ತಿದ್ದರೆ, ಇಲ್ಲದ ಖರ್ಚನ್ನು ಉಳಿಸುವುದು ಹೇಗೆ? ಹೆಚ್ಚೆಂದರೆ 200 ಉಳಿಯಬಹುದು. ಮೇಲೆ, ಮನೆ ಬೆಚ್ಚಗಾದ ಮೇಲೆ ಮುಚ್ಚಿಟ್ಟಿದ್ದ ಕೋಣೆಗಳನ್ನೂ ಬಿಸಿ ಮಾಡತೊಡಗುತ್ತೀರಿ. ಹಾಕಿದ ದುಡ್ಡು ವಾಪಸ್ ಬರಲು ಇಪಿಸಿ ಹೇಳಿದ್ದಕ್ಕಿಂತ ಎರಡು ಪಟ್ಟು ವರ್ಷ ಬೇಕಾಗಬಹುದು. ಆದರೂ ಮಾಡಿಸಿ ಅಂತಲೇ ನನ್ನ ಸಲಹೆ. ಮನೆ ಬೆಚ್ಚಗಿರಲಿ, ಗೋಡೆ ಒಣಗಿರಲಿ ಅಂತ ಮಾಡಿಸಿ. ಉಳಿತಾಯದ ಅಂಕಿ ನಂಬಿ ಸಾಲ ಮಾಡಬೇಡಿ.

ಹೀಟ್ ಪಂಪ್, ಅಂದರೆ ಹೊರಗಿನ ಶಾಖವನ್ನು ಒಳಗೆ ಎಳೆದು ಮನೆ ಬಿಸಿ ಮಾಡುವ ವಿದ್ಯುತ್ ಯಂತ್ರ, ಅದರ ಬಗ್ಗೆಯೂ ಯೋಚಿಸುತ್ತಿದ್ದೀರಿ ಅಂದಿರಿ. ಅಂಕ ಕೊಡುವುದು ಖರ್ಚಿನ ಮೇಲೆ ಅಂದೆನಲ್ಲ. ಇಲ್ಲಿ ಒಂದು ಯೂನಿಟ್ ವಿದ್ಯುತ್ತಿಗೆ ಗ್ಯಾಸಿನ ಸುಮಾರು ನಾಲ್ಕು ಪಟ್ಟು ಬೆಲೆ. ಹಾಗಾಗಿ ಶಕ್ತಿ ಎಷ್ಟೋ ಕಮ್ಮಿ ಬಳಸಿದರೂ ಅಕ್ಷರ ಮೇಲೇರದೇ ಇರಬಹುದು. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಈಗ ನೀವು ಮಾಡಬೇಕಾದ್ದು: ಮಾರುವವರ ಹತ್ತಿರ ಹಿಂದಿನ 12 ತಿಂಗಳ ಗ್ಯಾಸ್ ಮತ್ತು ವಿದ್ಯುತ್ ಬಳಕೆ ಯೂನಿಟ್‌ನಲ್ಲಿ (ಕಿಲೋವ್ಯಾಟ್-ಅವರ್) ಕೇಳಿ, ಪೌಂಡ್‌ನಲ್ಲಿ ಬೇಡ. ಇಲ್ಲಿನ ಗ್ಯಾಸ್ ಮತ್ತು ವಿದ್ಯುತ್ ನಿಯಂತ್ರಕ ಆಫ್‌ಜೆಮ್ ಸಾಮಾನ್ಯ ಮನೆಗೆ ವರ್ಷಕ್ಕೆ ಗ್ಯಾಸ್ 11,500 ಯೂನಿಟ್, ವಿದ್ಯುತ್ 2,700 ಯೂನಿಟ್ ಅಂತ ಲೆಕ್ಕ ಇಟ್ಟುಕೊಂಡಿತ್ತು. ಅದರ ಪಕ್ಕ ಇಟ್ಟು ನೋಡಿ. ಎಷ್ಟು ಜನ ಇದ್ದರು, ಹಗಲು ಮನೆಯಲ್ಲಿರುತ್ತಿದ್ದರಾ, ಯಾವ ಕೋಣೆಗಳನ್ನು ಬಿಸಿ ಮಾಡುತ್ತಿದ್ದರು ಅಂತ ಸಂಕೋಚ ಬಿಟ್ಟು ಕೇಳಿ. ಇಪಿಸಿಯಲ್ಲಿ ಚದರ ಮೀಟರಿಗೆ ಇಷ್ಟು ಯೂನಿಟ್ ಅಂತ ಒಂದು ಸಂಖ್ಯೆ ಇರುತ್ತದೆ. ಅದನ್ನು ಮೀಟರ್ ಜೊತೆ ನೇರವಾಗಿ ಹೋಲಿಸಬೇಡಿ, ವಿದ್ಯುತ್ ತಯಾರಿಸಿ ಸಾಗಿಸುವಾಗ ಆಗುವ ನಷ್ಟವೂ ಅದರಲ್ಲಿ ಸೇರಿದೆ. ಮನೆ ನೋಡಲು ಇನ್ನೊಂದು ಸಲ ಹೋಗುವುದಾದರೆ ಉತ್ತರಕ್ಕಿರುವ ಕೋಣೆಯ ಮೂಲೆ, ಬೀರುಗಳ ಹಿಂದೆ ನೋಡಿ. ಗೋಡೆ ಒಣಗಿದ್ದು, ಬಳಕೆ ನಿಮ್ಮ ಕೈಗೆ ಎಟುಕುವಷ್ಟಿದ್ದರೆ ನಾನಾದರೆ ‘ಇ’ ಮನೆಯನ್ನೇ ಕೊಳ್ಳುತ್ತಿದ್ದೆ. ಬೆಲೆ ಮಾತಾಡುವಾಗ ಆ ಅಕ್ಷರವನ್ನೇ ಮುಂದಿಟ್ಟು ಸ್ವಲ್ಪ ಇಳಿಸಿ ಅಂತ ಕೇಳುವುದನ್ನೂ ಮರೆಯಬೇಡಿ. ಯೂನಿಟ್ ಲೆಕ್ಕ ಸಿಕ್ಕರೆ ಇಲ್ಲೇ ಹಾಕಿ, ವಿಳಾಸ ಬೇಡ. ಒಟ್ಟಿಗೆ ಕೂತು ನೋಡೋಣ.